ಮೃದು ಲೋಹಕ್ಕೆ ತಕ್ಕ ಗರಗಸ

ಕೊಡಗಿನ ಚೆಟ್ಟಳ್ಳಿಯ ಸುತ್ತಮುತ್ತ ಕಾಫಿತೋಟಗಳು ಹಬ್ಬಿವೆ. 1946ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಉಪಕೇಂದ್ರವೂ ಅಲ್ಲಿದೆ. ತೋಟದ ನೆರಳುಮರಗಳನ್ನು ಆಶ್ರಯಿಸಿ ಕರಿಮೆಣಸಿನ ಬಳ್ಳಿಗಳು ಮೇಲೇರುತ್ತವೆ. ಕೊಯ್ಲಿನ ಕಾಲದಲ್ಲಿ ಕಾರ್ಮಿಕರು ಏಣಿ ಹತ್ತಿ ಮೆಣಸನ್ನು ಬಿಡಿಸುತ್ತಾರೆ. ಹಿಂದೆ ಇದಕ್ಕೆ ಬಿದಿರಿನ ಏಣಿಯೇ ಆಧಾರವಾಗಿತ್ತು. ಈಗ ಹಗುರವಾದ ಅಲ್ಯೂಮಿನಿಯಂ ಏಣಿಗಳೂ ಬಳಕೆಗೆ ಬಂದಿವೆ. ಏಣಿಯ ಮೆಟ್ಟಿಲುಗಳು ಅಳತೆಗೆ ಸರಿಯಾಗಿರಬೇಕು. ಎರಡು ಕಾಲುಗಳೂ ಸಮವಾಗಿರಬೇಕು. ಕೊಳವೆಯನ್ನು ಕೊಯ್ಯುವಾಗ ಉಂಟಾದ ಸಣ್ಣ ಓರೆಯೂ ಎತ್ತರದಲ್ಲಿ ನಿಂತವರಿಗೆ ಅಪಾಯವನ್ನು ತರಬಲ್ಲದು.

ಅಲ್ಯೂಮಿನಿಯಂ ಉಕ್ಕಿಗಿಂತ ಮೃದು. ಆದುದರಿಂದ ಅದನ್ನು ಯಾವ ಗರಗಸದಿಂದಲಾದರೂ ಕೊಯ್ಯಬಹುದೆಂದು ತೋರಬಹುದು. ವಾಸ್ತವ ಹಾಗಿಲ್ಲ. ಮರವನ್ನು ಕೊಯ್ದಾಗ ಹೊಟ್ಟು ಹುಡಿಯಾಗಿ ಉದುರುತ್ತದೆ. ಅಲ್ಯೂಮಿನಿಯಂ ಚೂರುಗಳಾದರೋ ಗರಗಸದ ಹಲ್ಲುಗಳ ಸಂದಿಯಲ್ಲಿ ಅಂಟಿಕೊಳ್ಳುತ್ತವೆ. ಸಂದಿ ತುಂಬಿದೊಡನೆ ಹಲ್ಲು ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ, ಗರಗಸವು ಗೆರೆ ತಪ್ಪುತ್ತದೆ, ಅಂಚು ಒರಟಾಗುತ್ತದೆ.

ಹಾಗಾದರೆ ಎಂತಹ ಗರಗಸವನ್ನು ಆರಿಸಬೇಕು? ಕೈಕೆಲಸಕ್ಕೆ ಲೋಹ ಕೊಯ್ಯುವ ಹ್ಯಾಕ್ಸಾ ಸಾಕು. ಅದರ ಬ್ಲೇಡಿನಲ್ಲಿ ಅಂಗುಲಕ್ಕೆ ಎಷ್ಟು ಹಲ್ಲುಗಳಿವೆ ಎಂಬುದೇ ಮುಖ್ಯ. ದಪ್ಪ ಸರಳಿಗೆ 14 ಅಥವಾ 18 ಹಲ್ಲುಗಳ ಬ್ಲೇಡು ಒಳ್ಳೆಯದು. ಅದರ ಅಗಲವಾದ ಸಂದಿಗಳಲ್ಲಿ ಚೂರುಗಳಿಗೆ ಎಡೆಯಿರುತ್ತದೆ. ತೆಳುವಾದ ಕೊಳವೆಗೆ 24 ಅಥವಾ 32 ಹಲ್ಲುಗಳು ಬೇಕು. ಸುಮಾರು ಮೂರು ಹಲ್ಲುಗಳಾದರೂ ಒಮ್ಮೆಗೇ ಲೋಹವನ್ನು ಮುಟ್ಟುತ್ತಿರಬೇಕು. ಇಲ್ಲವಾದರೆ ಕೊಳವೆಯ ಅಂಚು ಹಲ್ಲಿಗೆ ಸಿಕ್ಕಿ ಹಲ್ಲೇ ಮುರಿಯುತ್ತದೆ. ಯಂತ್ರದ ಗರಗಸವಾದರೆ ಕಾರ್ಬೈಡ್ ತುದಿಯ ಹಲ್ಲುಗಳಿರುವ, ಅಲ್ಯೂಮಿನಿಯಂಗೆಂದೇ ತಯಾರಿಸಿದ ಚಕ್ರವನ್ನು ಬಳಸಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಇರಲೇಬೇಕು.

ಕೊಯ್ಯುವ ಕ್ರಮವೂ ಮುಖ್ಯವೇ. ಕೊಳವೆಗೆ ಕಾಗದವನ್ನು ಸುತ್ತಿ, ಅದರ ಅಂಚುಗಳನ್ನು ಒಂದಕ್ಕೊಂದು ಕೂಡಿಸಿ ಗೆರೆ ಎಳೆದರೆ ಗುರುತು ನೇರವಾಗುತ್ತದೆ. ಹಲ್ಲುಗಳು ಮುಮ್ಮುಖವಾಗಿರುವಂತೆ ಬ್ಲೇಡನ್ನು ಬಿಗಿಯಬೇಕು. ಕೊಳವೆ ನಜ್ಜಾಗದಂತೆ ಮರದ ತುಂಡುಗಳ ನಡುವೆ ಇಟ್ಟು ಹಿಡಿಸಬೇಕು. ಬ್ಲೇಡಿಗೆ ತುಸು ಸೀಮೆಎಣ್ಣೆ ಸವರಿದರೆ ಚೂರುಗಳು ಅಂಟುವುದು ಕಡಿಮೆಯಾಗುತ್ತದೆ. ಕೊನೆಯಲ್ಲಿ ಅಂಚನ್ನು ಅರದಿಂದ ನಯಮಾಡಬೇಕು.

ಇನ್ನೊಂದು ಮಾತನ್ನು ಮರೆಯಲಾಗದು. ಅಲ್ಯೂಮಿನಿಯಂ ವಿದ್ಯುತ್ತಿನ ಉತ್ತಮ ವಾಹಕ. ಎಷ್ಟೇ ಅಚ್ಚುಕಟ್ಟಾಗಿ ಮಾಡಿದ ಏಣಿಯಾದರೂ ತೋಟದ ಮೇಲೆ ಹಾದುಹೋದ ವಿದ್ಯುತ್ ತಂತಿಗೆ ತಗುಲಿದರೆ ಪ್ರಾಣವನ್ನೇ ತೆಗೆಯುತ್ತದೆ. ಕೊಡಗಿನ ತೋಟಗಳಲ್ಲಿ ಅಂತಹ ದುರಂತಗಳು ನಡೆದಿವೆ. ಲೋಹದ ಗುಣವನ್ನು ಅರಿತವರು ತಕ್ಕ ಗರಗಸವನ್ನು ಆರಿಸಬಲ್ಲರು. ಏಣಿಯನ್ನು ಎಲ್ಲಿ ನಿಲ್ಲಿಸಬಾರದು ಎಂಬುದನ್ನೂ ಬಲ್ಲರು.