ಕಹಿಯ ಲೆಕ್ಕ

ಹೋದ ಮಳೆಗಾಲದಲ್ಲಿ ನನಗೆ ಚಳಿಜ್ವರ ಬಂತು. ದಿನ ಬಿಟ್ಟು ದಿನ ನಡುಕ. ರಾಯಚೂರಿನಿಂದ ನಮ್ಮ ಹೈದರಾಬಾದಿನ ಮನೆಗೆ ಬಂದಿದ್ದ ಅಜ್ಜಿ ಕಷಾಯ ಕಾಸಿ, "ಕಹಿ ಇದ್ದಷ್ಟು ಗುಣ ಜಾಸ್ತಿ, ಕುಡಿ ತಮ್ಮಾ" ಅಂದಳು. ಐದು ದಿನ ಕುಡಿದೆ. ಕೊನೆಗೆ ರಕ್ತಪರೀಕ್ಷೆಯಲ್ಲಿ ಮಲೇರಿಯಾ ಎಂದು ತಿಳಿಯಿತು. "ಇನ್ನೊಂದು ಜಾತಿಯದಾಗಿದ್ದರೆ ಈ ಐದು ದಿನದಲ್ಲಿ ಜೀವಕ್ಕೇ ಬರ್ತಿತ್ತು" ಎಂದು ಡಾಕ್ಟರು ಬೈದರು. ಗುಳಿಗೆ ನುಂಗಿ ಎದ್ದೆ. ನಾನು ಕಾಮರ್ಸ್ ಓದುವವ. ಕಹಿಗೂ ಒಂದು ಲೆಕ್ಕ ಇರಬೇಕಲ್ಲ ಎಂದು ಲೈಬ್ರರಿ ಹೊಕ್ಕೆ.

ಅಜ್ಜಿಯ ಮಾತು ಪೂರಾ ತಪ್ಪಲ್ಲ. ಮಲೇರಿಯಾಕ್ಕೆ ಹಳೆಯ ಮದ್ದು ಒಂದು ಕಹಿ ತೊಗಟೆಯೇ: ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಸಿಂಕೋನಾ ಮರದ್ದು. ಯುರೋಪಿನವರು 17ನೇ ಶತಮಾನದಿಂದ ಅದರ ಪುಡಿ ಸೇವಿಸುತ್ತಿದ್ದರು. ಆದರೆ ಒಂದು ಮರದಲ್ಲಿ ಸತ್ವ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಎಷ್ಟು ಕೊಡಬೇಕು? 1820ರಲ್ಲಿ ಪ್ಯಾರಿಸ್ಸಿನ ಪೆಲ್ಟಿಯೇ ಮತ್ತು ಕವೆಂತೂ ಆ ಸತ್ವವನ್ನೇ ಬೇರ್ಪಡಿಸಿದರು. ಅದೇ ಕ್ವಿನೈನ್. ಗಿಡಗಳಲ್ಲಿ ಹುಟ್ಟುವ, ನೈಟ್ರೋಜನ್ ಉಳ್ಳ, ಹೆಚ್ಚಾಗಿ ಕಹಿಯಾದ ಇಂಥ ವಸ್ತುಗಳಿಗೆ ಆಲ್ಕಲಾಯ್ಡ್ ಎನ್ನುತ್ತಾರೆ. ಮದ್ದನ್ನು ಇನ್ನು ತೂಗಿ ಕೊಡಬಹುದಾಯಿತು.

ಸಿಂಕೋನಾದಲ್ಲಿ ಮುಖ್ಯ ಆಲ್ಕಲಾಯ್ಡ್ ನಾಲ್ಕು: ಕ್ವಿನೈನ್, ಕ್ವಿನಿಡೀನ್, ಸಿಂಕೋನೀನ್, ಸಿಂಕೋನಿಡೀನ್. ಪೇಟೆಯಲ್ಲಿ ಬೆಲೆ ಇದ್ದದ್ದು ಮೊದಲನೆಯದಕ್ಕೆ. ನಮ್ಮ ನೀಲಗಿರಿಯಲ್ಲಿ ಬೆಳೆದ ಕೆಂಪು ತೊಗಟೆಯ ಮರದಲ್ಲಾದರೋ ಕ್ವಿನೈನ್ ಕಡಿಮೆ, ಉಳಿದವೇ ಹೆಚ್ಚು. 1866ರಲ್ಲಿ ಸರ್ಕಾರ ಮದ್ರಾಸ್, ಮುಂಬಯಿ, ಬಂಗಾಳಗಳಲ್ಲಿ ವೈದ್ಯರ ಸಮಿತಿ ನೇಮಿಸಿ ನಾಲ್ಕನ್ನೂ ರೋಗಿಗಳ ಮೇಲೆ ಪರೀಕ್ಷಿಸಿತು. ಪೇಟೆ ಕೇಳದ ಮೂರಕ್ಕೂ ಜ್ವರ ಇಳಿಯಿತು! ಆಮೇಲೆ ಡಾರ್ಜಿಲಿಂಗ್ ಬಳಿಯ ಮಂಗ್ಪೂವಿನಲ್ಲಿ ಎಲ್ಲ ಆಲ್ಕಲಾಯ್ಡ್‌ಗಳ ಅಗ್ಗದ ಮಿಶ್ರಣ ತಯಾರಾಯಿತು. 1892ರಿಂದ ಬಂಗಾಳದ ಅಂಚೆ ಕಚೇರಿಗಳಲ್ಲಿ ಕ್ವಿನೈನ್ ಪೊಟ್ಟಣವೇ ಒಂದು ಪೈಸೆಗೆ, ಅಂದರೆ ಕಾಲಾಣೆಗೆ, ಸಿಕ್ಕಿತು. ಪೇಟೆಯ ಬೆಲೆಯೇ ಬೇರೆ, ಬಡವನ ಜ್ವರಕ್ಕೆ ಅದರ ಬೆಲೆಯೇ ಬೇರೆ. ಇದನ್ನು ನಮ್ಮ ಪಠ್ಯಪುಸ್ತಕ ಹೇಳಿರಲಿಲ್ಲ.

ಮದ್ದು ಕೆಲಸ ಮಾಡುವುದು ಹೀಗೆ. ಮಲೇರಿಯಾದ ಪರೋಪಜೀವಿ ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ ತಿನ್ನುತ್ತದೆ. ಉಳಿಯುವ ಹೀಮ್ ಅದಕ್ಕೇ ವಿಷ. ಅದನ್ನು ಹರಳು ಮಾಡಿ ಬದಿಗಿಡುತ್ತದೆ. ಕ್ವಿನೈನ್ ಈ ಹರಳುಗಟ್ಟುವಿಕೆಯನ್ನೇ ತಡೆಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಆದರೆ ಕ್ವಿನೈನ್ ಜಾಸ್ತಿಯಾದರೆ ಕಿವಿ ಗುಂಯ್ ಎನ್ನುತ್ತದೆ, ಹೃದಯಕ್ಕೂ ಅಪಾಯ. ಕಹಿ ಇದ್ದಷ್ಟು ಗುಣ ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ. ನಾನು ನುಂಗಿದ ಕ್ಲೋರೋಕ್ವಿನ್ ಕಾರ್ಖಾನೆಯದು. ಅದರ ಅಣುವಿನಲ್ಲೂ ಕ್ವಿನೈನಿನಲ್ಲಿರುವಂಥ ಒಂದು ಉಂಗುರವಿದೆಯಂತೆ.

ಇದನ್ನೆಲ್ಲ ಅಜ್ಜಿಗೆ ಹೇಳಿದೆ. "ಹಂಗಾದ್ರ ನಾ ಕಷಾಯ ಕಾಸೂದು ಬಿಡಬೇಕೇನು?" ಅಂದಳು.

"ಕಾಸು ಅಜ್ಜಿ. ಆದ್ರ ಮೊದಲು ರಕ್ತ ತೋರಿಸಿಕೊಂಡು ಬರ್ತೀನಿ."

ಗೆಳೆಯರೇ, ನೀವೂ ಅಷ್ಟು ಮಾಡಿ.