ಹೆಸರು ಕೊಡುವ ಮುನ್ನ, ಸಹಿ ಮಾಡುವ ಮುನ್ನ

ಬೆಳಗಾವಿಯ ರವಿವಾರ ಪೇಟೆಯ ಅಡತಿ ಅಂಗಡಿಗಳು, ಶಹಾಪುರದ ಸೀರೆ ವ್ಯಾಪಾರ, ಉದ್ಯಮಬಾಗದ ಎರಕದ ಕಾರ್ಖಾನೆಗಳು, ಖಾನಾಪುರದ ಹಂಚಿನ ಭಟ್ಟಿಗಳು ಇವುಗಳಲ್ಲಿ ಅನೇಕವು ಮನೆತನದ ಉದ್ಯೋಗಗಳು. ತಂದೆ ಕುಳಿತ ಗಾದಿಯ ಮೇಲೆ ಮಗ ಕೂರುತ್ತಾನೆ. ಅಣ್ಣನ ಅಂಗಡಿಗೆ ತಮ್ಮನ ದುಡಿಮೆ ಸೇರುತ್ತದೆ. ಇಲ್ಲಿ ನಂಬಿಗೆಯೇ ಮೊದಲ ಬಂಡವಾಳ. ಅದು ಒಳ್ಳೆಯದೇ. ಆದರೆ ಆ ನಂಬಿಗೆಯ ಭರದಲ್ಲಿ ಮನೆಯವರು ಓದದ ಕಾಗದಕ್ಕೆ ಸಹಿ ಮಾಡುತ್ತಾರೆ, ತಿಳಿಯದ ವ್ಯವಹಾರಕ್ಕೆ ಹೆಸರು ಕೊಡುತ್ತಾರೆ. ಅದರ ಫಲವೇನೆಂಬುದು ವಕೀಲರ ನೋಟಿಸು ಮನೆ ಬಾಗಿಲಿಗೆ ಬಂದ ದಿನವೇ ತಿಳಿಯುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಖಾನಾಪುರದಲ್ಲಿ ಹಂಚು, ಇಟ್ಟಿಗೆಯ ವ್ಯಾಪಾರ ಮಾಡುವ ಅಣ್ಣ. ಬೆಳಗಾವಿಯಲ್ಲಿ ಕಟ್ಟಡ ಸಾಮಗ್ರಿಯ ಅಂಗಡಿ ನೋಡುವ ತಮ್ಮ. ಪಾಲುದಾರಿಕೆ ಪತ್ರದಲ್ಲಿ ಅಣ್ಣ, ತಮ್ಮ, ಅವ್ವ ಎಂದು ಮೂವರ ಹೆಸರು. ಬ್ಯಾಂಕಿನ ಖಾತೆಗೆ ತಮ್ಮನಾಗಲಿ ಅವ್ವನಾಗಲಿ ಸಹಿ ಮಾಡಬಹುದು. ದೀಪಾವಳಿಯ ಲೆಕ್ಕ ಮುಗಿದ ಮೇಲೆ ಅಣ್ಣ ಬಾಯಿಮಾತಿನಲ್ಲಿ ಪಾಲು ಬಿಟ್ಟು ಹೊರಬಂದ. ಅವ್ವ ಮಾತ್ರ ಮಗನು ಕೇಳಿದಾಗಲೆಲ್ಲ ಖಾಲಿ ಚೆಕ್ಕುಗಳಿಗೆ ಸಹಿ ಮಾಡಿಕೊಟ್ಟಳು. ಮರುವರ್ಷ ತಮ್ಮ ಉದರಿಯಲ್ಲಿ ಸಿಮೆಂಟು ತಂದು, ಅವ್ವನ ಸಹಿಯ ಚೆಕ್ಕು ಕೊಟ್ಟ. ಚೆಕ್ಕು ಹಣವಿಲ್ಲದೆ ಮರಳಿತು. ಮೂವರ ಹೆಸರಿಗೂ ನೋಟಿಸು ಬಂದಿತು. "ನಾ ಏನ್ ಮಾಡೀನಿ?" ಎಂಬ ಆ ತಾಯಿಯ ಪ್ರಶ್ನೆಗೆ ಕಾನೂನು ಏನು ಉತ್ತರ ಕೊಡುತ್ತದೆ? ಈ ಲೇಖನದ ವಿಷಯ ಅದೇ.

ದಿವಾಣಿ ಬೇರೆ, ಫೌಜದಾರಿ ಬೇರೆ

ಹಣ ಬರಬೇಕಾಗಿದೆ, ಕೊಡಿಸಿರಿ ಎಂದು ಕೇಳುವುದು ದಿವಾಣಿ ದಾವೆ. ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ ಎಂಬುದು ಫೌಜದಾರಿ ಪ್ರಕರಣ. ಒಂದೇ ವ್ಯವಹಾರದಿಂದ ಎರಡೂ ಹುಟ್ಟಬಹುದು. ಆದರೆ ಅವುಗಳ ಹೊಣೆಯ ದಾರಿ ಬೇರೆ. ಸಾಲದ ಹೊಣೆಗೆ ನಾವು ಆರಿಸಿಕೊಳ್ಳುವ ಉದ್ಯಮ ರಚನೆಯಿಂದ ಮಿತಿ ಹಾಕಬಹುದು. ಅಪರಾಧದ ಹೊಣೆಯು ಮಾತ್ರ ಕೃತ್ಯವೆಸಗಿದ ವ್ಯಕ್ತಿಯನ್ನು, ವ್ಯವಹಾರ ನಡೆಸಿದ ವ್ಯಕ್ತಿಯನ್ನು ಹುಡುಕಿಕೊಂಡು ಬರುತ್ತದೆ. ಅದನ್ನು ಕಂಪನಿಯ ಫಲಕದ ಹಿಂದೆ ಅಡಗಿಸಲಾಗದು. ಮನೆತನದವರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮುಖ್ಯ ಸಂಗತಿ ಇದು.

ಉದ್ಯೋಗದ ಬಗೆಗಳು

ಒಬ್ಬನೇ ಮಾಲೀಕನಾಗಿದ್ದರೆ ಅಂಗಡಿಯೂ ಅವನೂ ಕಾನೂನಿನ ದೃಷ್ಟಿಯಲ್ಲಿ ಒಂದೇ. ಅಂಗಡಿಯ ಸಾಲಕ್ಕೆ ಅವನ ಮನೆ, ಹೊಲಗಳೂ ಹೊಣೆಯಾಗುತ್ತವೆ. ಅವಿಭಕ್ತ ಕುಟುಂಬದ ವ್ಯಾಪಾರವಾದರೆ ಅದನ್ನು ನಡೆಸುವ ಕರ್ತನು ಸ್ವಂತ ಆಸ್ತಿಯಿಂದಲೂ ಹೊಣೆಗಾರ. ಉಳಿದ ಸದಸ್ಯರು ಸಾಮಾನ್ಯವಾಗಿ ಕುಟುಂಬದ ಆಸ್ತಿಯಲ್ಲಿ ತಮ್ಮ ಪಾಲಿನ ಮಟ್ಟಿಗೆ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳಿ ಆ ಕಾಯಿದೆಯನ್ನು ಅನ್ವಯಿಸಿದೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ಆದ್ದರಿಂದ ಕುಟುಂಬದ ಆಸ್ತಿಯನ್ನು ಅಡವಿಟ್ಟು ವ್ಯಾಪಾರ ಬೆಳೆಸುವಾಗ ಕೊಟ್ಟ ಮನೆಯಲ್ಲಿರುವ ಮಗಳ ಪಾಲನ್ನೂ ನೆನೆಯಬೇಕು.

ನಮ್ಮ ಪೇಟೆಗಳಲ್ಲಿ ಬಹಳ ಬಳಕೆಯಲ್ಲಿರುವುದು ಪಾಲುದಾರಿಕೆ. ಇದಕ್ಕೆ 1932ರ ಕಾಯಿದೆಯಿದೆ. ಲಾಭದಲ್ಲಿ ನಾಲ್ಕಾಣೆ ಪಾಲು ಇದ್ದವನಿಗೆ ಸಾಲದಲ್ಲಿಯೂ ನಾಲ್ಕಾಣೆಯೇ ಎಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ಆ ಕಾಯಿದೆಯ 25ನೆಯ ಕಲಮಿನಂತೆ ಸಂಸ್ಥೆಯ ವ್ಯವಹಾರಕ್ಕೆ ಪ್ರತಿಯೊಬ್ಬ ಪಾಲುದಾರನೂ ಒಟ್ಟಾಗಿಯೂ ಒಂಟಿಯಾಗಿಯೂ ಹೊಣೆ. ಸಾಲಿಗನು ಪೂರ್ಣ ಹಣವನ್ನು ಯಾರೊಬ್ಬರಿಂದಲಾದರೂ ವಸೂಲು ಮಾಡಬಹುದು. ಕೊಟ್ಟವರು ಉಳಿದವರ ಪಾಲನ್ನು ಬಳಿಕ ಅವರಿಂದ ಕೇಳಿಕೊಳ್ಳಬೇಕು. ಸಂಸ್ಥೆಯನ್ನು ನೋಂದಾಯಿಸದಿದ್ದರೆ ಇನ್ನೊಂದು ತೊಡಕು: ಬಾಕಿದಾರರ ಮೇಲೆ ಕರಾರಿನ ಆಧಾರದಿಂದ ದಾವೆ ಹೂಡುವ ಹಕ್ಕು 69ನೆಯ ಕಲಮಿನಂತೆ ಸಿಗದು. ಆದರೆ ಅವರು ನಮ್ಮ ಮೇಲೆ ದಾವೆ ಹೂಡಬಹುದು.

ಮೇಲಿನ ಅಣ್ಣನ ಗತಿಯೇನು? ಅವನು ಪಾಲು ಬಿಟ್ಟದ್ದು ಮನೆಯೊಳಗಿನ ಮಾತು. ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ, ಅವನು ಪಾಲುದಾರನೆಂದು ತಿಳಿದು ವ್ಯವಹರಿಸಿದ ಹೊರಗಿನವರಿಗೆ ಅವನು ಹೊಣೆಯಾಗಿಯೇ ಉಳಿಯುತ್ತಾನೆ. ನೋಂದಾಯಿತ ಸಂಸ್ಥೆಯಾದರೆ ಪಾಲುದಾರಿಕೆ ಸಂಸ್ಥೆಗಳ ನೋಂದಣಾಧಿಕಾರಿಗೆ ತಿಳಿಸಬೇಕು. ರಾಜ್ಯಪತ್ರದಲ್ಲಿಯೂ ಜಿಲ್ಲೆಯಲ್ಲಿ ಓದುವ ಒಂದು ದೇಶಭಾಷೆಯ ಪತ್ರಿಕೆಯಲ್ಲಿಯೂ ಪ್ರಕಟಿಸಬೇಕು. ಪತ್ರಿಕೆಯ ಒಂದು ಮೂಲೆಯ ನಾಲ್ಕು ಸಾಲಿನ ಪ್ರಕಟಣೆಗೆ ತಗಲುವ ಖರ್ಚನ್ನು ಉಳಿಸಲು ಹೋಗಿ ಅಣ್ಣನು ಲಕ್ಷಾಂತರ ರೂಪಾಯಿಯ ಸಾಲವನ್ನು ಹೊತ್ತಂತಾಯಿತು. ಅಪ್ರಾಪ್ತ ಮಗನನ್ನು ಲಾಭಕ್ಕೆ ಮಾತ್ರ ಸೇರಿಸಿದ್ದರೆ ಅವನಿಗೆ 18 ತುಂಬಿದ ಮೇಲೆ ಆರು ತಿಂಗಳೊಳಗೆ ಇರುವೆನೋ ಬಿಡುವೆನೋ ಎಂದು ಪ್ರಕಟಿಸಬೇಕು. ಸುಮ್ಮನಿದ್ದರೆ ಅವನೂ ಪೂರ್ಣ ಪಾಲುದಾರನೇ.

ಹೊಣೆಗೆ ಮಿತಿ ಬೇಕೆನ್ನುವವರಿಗೆ 2008ರ ಕಾಯಿದೆಯ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಇದೆ. 2013ರ ಕಾಯಿದೆಯ ಖಾಸಗಿ ಕಂಪನಿ ಇದೆ. ಒಬ್ಬರೇ ಸದಸ್ಯರಾಗಿರುವ ಕಂಪನಿಯೂ ಇದೆ. ಕಂಪನಿಯು ಅದರ ಒಡೆಯನಿಂದ ಬೇರೆಯಾದ ವ್ಯಕ್ತಿ ಎಂಬ ತತ್ತ್ವವನ್ನು 19ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಸಾಲೊಮನ್ ಎಂಬ ಬೂಟು ವ್ಯಾಪಾರಿಯ ಪ್ರಕರಣದಲ್ಲಿ ಅಲ್ಲಿಯ ಉಚ್ಚ ನ್ಯಾಯಪೀಠ ಗಟ್ಟಿಯಾಗಿ ನಿಲ್ಲಿಸಿತು. ಅವನ ಕಂಪನಿಯ ಸಾಲ ಅವನ ಸಾಲವಲ್ಲವೆಂದಾಯಿತು. ಆದರೂ ಎರಡು ಎಚ್ಚರಿಕೆಗಳಿವೆ. ಬ್ಯಾಂಕಿನವರು ಸಾಲ ಕೊಡುವಾಗ ನಿರ್ದೇಶಕರ ಸ್ವಂತ ಜಾಮೀನು ಪತ್ರವನ್ನು ಬರೆಸಿಕೊಂಡರೆ ಆ ಮಟ್ಟಿಗೆ ಗೋಡೆ ಒಡೆಯಿತು. ವಂಚನೆ ಕಂಡುಬಂದರಂತೂ ಮಿತಿಯ ಆಸರೆ ಉಳಿಯದು.

ಸಹಕಾರಿ ಸಂಘ ನಮ್ಮ ಭಾಗಕ್ಕೆ ಹೊಸದಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ ಸಂಘವು ದೇಶದ ಸಹಕಾರ ಚಳವಳಿಯ ಆರಂಭದ ಹೆಗ್ಗುರುತು. ಇಂದು 1959ರ ಸಹಕಾರ ಸಂಘಗಳ ಕಾಯಿದೆ, 1997ರ ಸೌಹಾರ್ದ ಸಹಕಾರಿ ಕಾಯಿದೆಗಳ ಅಡಿಯಲ್ಲಿ ಸಂಘಗಳು ನಡೆಯುತ್ತಿವೆ. ಗೌರವಕ್ಕೆಂದು ನಿರ್ದೇಶಕ ಸ್ಥಾನವನ್ನು ಒಪ್ಪುವ ಹಿರಿಯರು ಒಂದು ಮಾತು ನೆನಪಿಡಬೇಕು: ಠೇವಣಿದಾರರ ಹಣ ಮರಳದಿದ್ದರೆ 2004ರ ಠೇವಣಿದಾರರ ಹಿತರಕ್ಷಣಾ ಕಾಯಿದೆ ಆಡಳಿತ ಮಂಡಳಿಯ ಕಡೆಗೂ ಬೆರಳು ತೋರಬಲ್ಲದು.

ಚೆಕ್ಕಿನ ಸಹಿ

ಈಗ ಅವ್ವನ ಪ್ರಶ್ನೆಗೆ ಬರೋಣ. ಚೆಕ್ಕು ಮರಳುವುದು 1881ರ ಕಾಯಿದೆಯ 138ನೆಯ ಕಲಮಿನಂತೆ ಅಪರಾಧ. ಹಣವಿಲ್ಲವೆಂದು ಬ್ಯಾಂಕು ತಿಳಿಸಿದ 30 ದಿನಗಳೊಳಗೆ ಹಣ ಬರಬೇಕಾದವನು ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಕೊಟ್ಟರೆ ಅಪರಾಧವೇ ಪೂರ್ಣವಾಗದು. ಕೊಡದಿದ್ದರೆ ಅನಂತರ ಒಂದು ತಿಂಗಳೊಳಗೆ ದಂಡಾಧಿಕಾರಿಗಳ ಮುಂದೆ ಫಿರ್ಯಾದು. ಶಿಕ್ಷೆ ಎರಡು ವರ್ಷದವರೆಗಿನ ಸೆರೆವಾಸ, ಇಲ್ಲವೆ ಚೆಕ್ಕಿನ ಮೊತ್ತದ ಇಮ್ಮಡಿಯವರೆಗೆ ದಂಡ, ಅಥವಾ ಎರಡೂ.

ಸಂಸ್ಥೆಯ ಚೆಕ್ಕಾದರೆ 141ನೆಯ ಕಲಮಿನಂತೆ ಆ ಕಾಲದಲ್ಲಿ ವ್ಯವಹಾರವನ್ನು ನಡೆಸುತ್ತಿದ್ದ, ಅದಕ್ಕೆ ಹೊಣೆಯಾಗಿದ್ದ ಪ್ರತಿಯೊಬ್ಬರೂ ಆರೋಪಿಗಳಾಗಬಹುದು. ಕೇವಲ ಹೆಸರಿಗೆ ಪಾಲುದಾರರಾಗಿದ್ದು ವ್ಯವಹಾರದಲ್ಲಿ ಕೈಯಿಡದವರನ್ನು ಸುಮ್ಮನೆ ಎಳೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2005ರಲ್ಲಿಯೇ ಹೇಳಿದೆ. ಹೀಗಾಗಿ ಹೊರಬಂದ ಅಣ್ಣನಿಗೆ ಫೌಜದಾರಿ ಪ್ರಕರಣದಲ್ಲಿ ಗಟ್ಟಿಯಾದ ಪ್ರತಿವಾದ ಉಂಟು. ಅವನ ಕಷ್ಟವಿರುವುದು ದಿವಾಣಿ ಸಾಲದಲ್ಲಿ. ಅವ್ವನ ಸ್ಥಿತಿ ಬೇರೆ. ಚೆಕ್ಕಿಗೆ ಸಹಿ ಅವಳದು. "ನಾನು ಖಾಲಿ ಚೆಕ್ಕಿಗೆ ಸಹಿ ಮಾಡಿದ್ದೆ, ಮೊತ್ತ ಬರೆದವನು ಮಗ" ಎಂಬ ಮಾತು ಅವಳನ್ನು ತಾನಾಗಿಯೇ ಕಾಯದು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಸಾಲಕ್ಕಾಗಿ ಕೊಟ್ಟದ್ದೆಂಬ ಕಾನೂನಿನ ಊಹೆ ಅನ್ವಯಿಸುತ್ತದೆ, ಹಾಗಲ್ಲವೆಂದು ತೋರಿಸುವ ಭಾರ ಸಹಿ ಮಾಡಿದವರದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ವ್ಯವಹಾರವನ್ನೇ ಅರಿಯದ ಆ ತಾಯಿ ಕಟಕಟೆಯಲ್ಲಿ ನಿಲ್ಲಬೇಕಾಗಿ ಬಂದದ್ದು ಹೀಗೆ.

ಇನ್ನೊಂದು ತಿಳಿವಳಿಕೆ: ಇದು ಪೊಲೀಸರು ಬಂದು ಹಿಡಿದೊಯ್ಯುವ ಪ್ರಕರಣವಲ್ಲ. ಆದರೆ ಸಮನ್ಸನ್ನು ಅಲಕ್ಷಿಸಿದರೆ ವಾರಂಟು ಹೊರಡುತ್ತದೆ. 2015ರ ತಿದ್ದುಪಡಿಯಿಂದ, ಹಣ ಪಡೆಯಬೇಕಾದವನು ತನ್ನ ಖಾತೆಯಲ್ಲಿ ಚೆಕ್ಕು ಜಮಾ ಮಾಡಿದ್ದರೆ ಆ ಖಾತೆಯಿರುವ ಶಾಖೆಯ ಊರಿನ ನ್ಯಾಯಾಲಯಕ್ಕೆ ಅಧಿಕಾರ. ಸಿಮೆಂಟಿನ ವ್ಯಾಪಾರಿಯ ಖಾತೆ ಬೆಳಗಾವಿಯಲ್ಲಿದ್ದರೆ ಖಾನಾಪುರದ ಅವ್ವ ಬೆಳಗಾವಿಗೇ ಎಡತಾಕಬೇಕು. ಯಾವ ಹಂತದಲ್ಲಾದರೂ ರಾಜಿಗೆ ಅವಕಾಶವಿದೆ. ಲೋಕ ಅದಾಲತ್ತಿನಲ್ಲಿ ಆದ ರಾಜಿಯ ಮೇಲೆ ಅಪೀಲು ಇಲ್ಲ.

ಮೋಸ ಯಾವುದು, ನಷ್ಟ ಯಾವುದು

2024ರ ಜುಲೈ 1ರಿಂದ 1860ರ ದಂಡ ಸಂಹಿತೆಯ ಸ್ಥಳದಲ್ಲಿ ಭಾರತೀಯ ನ್ಯಾಯ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಳದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿವೆ. ಅದಕ್ಕೆ ಮೊದಲು ನಡೆದ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ. ಜನರ ಬಾಯಲ್ಲಿ ನೆಲೆಸಿದ "ನಾಲ್ಕುನೂರ ಇಪ್ಪತ್ತು" ಈಗ 318ನೆಯ ಕಲಮು; ನಂಬಿಗೆ ದ್ರೋಹ 316ನೆಯದು.

ವ್ಯಾಪಾರದಲ್ಲಿ ಸೋತು ಹಣ ಕೊಡಲಾರದವನು ಮೋಸಗಾರನಲ್ಲ. ಸರಕು ಪಡೆಯುವ ಹೊತ್ತಿನಲ್ಲಿಯೇ ಕೊಡಬಾರದೆಂಬ ಕಪಟ ಮನಸ್ಸು ಇದ್ದಿದ್ದರೆ ಅದು ಮೋಸ. ನಂಬಿ ಒಪ್ಪಿಸಿದ್ದನ್ನು ಬಳಿಕ ಸ್ವಂತಕ್ಕೆ ಹೊಂದಿಸಿಕೊಂಡರೆ ಅದು ನಂಬಿಗೆ ದ್ರೋಹ. ದಿವಾಣಿ ವ್ಯಾಜ್ಯಕ್ಕೆ ಫೌಜದಾರಿಯ ಬಣ್ಣ ಬಳಿಯಬಾರದೆಂದು ಸರ್ವೋಚ್ಚ ನ್ಯಾಯಾಲಯವು ಮತ್ತೆ ಮತ್ತೆ ಎಚ್ಚರಿಸಿದೆ. ಕಾರ್ಖಾನೆಯ ಒಡೆಯರು ಇಲ್ಲಿ ಒಂದು ಸಂಗತಿ ಗಮನಿಸಬೇಕು. ಕೆಲಸಗಾರರ ಕೂಲಿಯಿಂದ ಭವಿಷ್ಯ ನಿಧಿಗೆಂದು ಮುರಿದುಕೊಂಡ ಹಣವನ್ನು ಕಟ್ಟದೆ ಉಳಿಸಿಕೊಂಡರೆ ಅದು ಬರಿಯ ಬಾಕಿಯಲ್ಲ. ಒಪ್ಪಿಸಿದ ಹಣವನ್ನು ಅಪ್ರಾಮಾಣಿಕವಾಗಿ ಬಳಸಿದಂತೆ ಎಂದು ಆ ಕಲಮೇ ವಿವರಿಸುತ್ತದೆ. ಕಾಯಕವೇ ಪವಿತ್ರವೆನ್ನುವವರು ದುಡಿದವನ ಪಾಲಿನ ಹಣವನ್ನು ಮೊದಲು ಪವಿತ್ರವೆಂದು ಎಣಿಸಬೇಕು.

ಠಾಣೆಯಿಂದ ಕರೆ ಬಂದರೆ

ಗಂಭೀರ ಅಪರಾಧದ ವರ್ತಮಾನವನ್ನು ಯಾವ ಠಾಣೆಯಲ್ಲಿಯಾದರೂ ಕೊಡಬಹುದು. ವರದಿಯ ಪ್ರತಿಯನ್ನು ಫಿರ್ಯಾದಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಮೇಲಧಿಕಾರಿಗಳಿಗೆ ಲಿಖಿತವಾಗಿ ಕಳಿಸಬಹುದು: ಬೆಳಗಾವಿ ನಗರದವರು ಪೊಲೀಸ್ ಆಯುಕ್ತರ ಕಚೇರಿಗೆ, ಖಾನಾಪುರದವರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ. ಅಲ್ಲಿಯೂ ಆಗದಿದ್ದರೆ ದಂಡಾಧಿಕಾರಿಗಳ ಬಾಗಿಲು ತೆರೆದಿದೆ.

ಆರೋಪ ನಮ್ಮ ಮೇಲೆಯೇ ಬಂದರೆ ಗಾಬರಿಯಾಗಬಾರದು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಬಾರದೆಂದು 2014ರ ತೀರ್ಪಿದೆ. ಹಾಜರಾಗಲು ನೋಟಿಸು ಕೊಡುವುದು ಮೊದಲ ದಾರಿ. ಆ ನೋಟಿಸಿಗೆ ತಪ್ಪದೆ ಹಾಜರಾಗಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ದಂಡಾಧಿಕಾರಿಗಳ ಮುಂದೆ ನಿಲ್ಲಿಸಬೇಕು. ವಿಶೇಷ ಸಂದರ್ಭವನ್ನು ಬಿಟ್ಟರೆ ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಮಾಡಬೇಕಾಗಿಲ್ಲ. ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ ತಾಲೂಕು ಕಾನೂನು ಸೇವಾ ಸಮಿತಿಯನ್ನೋ ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ದೊರೆಯುತ್ತದೆ. ನಮ್ಮ ಕಥೆಯ ಅವ್ವನಿಗೂ ಆ ಹಕ್ಕಿದೆ.

ಮನೆಯಲ್ಲಿ ಮಾಡಬೇಕಾದದ್ದು

ಬೆಳಗಾವಿಯು 1939ರಲ್ಲಿಯೇ ಕಾನೂನು ಮಹಾವಿದ್ಯಾಲಯವನ್ನು ಕಂಡ ಊರು. ವಂಟಮುರಿಯ ರಾಜಾ ಲಖಮಗೌಡರ ಹೆಸರಿನ ಆ ಸಂಸ್ಥೆಯಲ್ಲಿ ಓದಿದ ಇ. ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದರು. ಇಂಥ ಊರಿನ ಮನೆಗಳಿಗೆ ಕಾನೂನಿನ ಅಕ್ಷರಾಭ್ಯಾಸ ದೂರದ ಮಾತಾಗಬಾರದು.

ಪಾಲುದಾರಿಕೆ ಪತ್ರವನ್ನು ಕನ್ನಡದಲ್ಲಿ ಓದಿಸಿ, ಹೆಸರು ಕೊಡುವ ಪ್ರತಿಯೊಬ್ಬರಿಗೂ ಅರ್ಥ ಹೇಳಿರಿ. ಸಂಸ್ಥೆಯನ್ನು ನೋಂದಾಯಿಸಿರಿ, ಬಿಟ್ಟುಹೋಗುವವರ ಪ್ರಕಟಣೆ ಕೊಡಿಸಿರಿ. ಖಾಲಿ ಚೆಕ್ಕಿಗೆ ಯಾರ ಸಹಿಯನ್ನೂ ಮಾಡಿಸಬೇಡಿರಿ. ವ್ಯವಹಾರ ನೋಡದವರ ಹೆಸರನ್ನು ಖಾತೆಯ ಸಹಿದಾರರಲ್ಲಿ ಇಡಬೇಡಿರಿ. ಆ ಉದಾಹರಣೆಯ ಮನೆಯಲ್ಲಿ ಈ ಮಾತುಗಳನ್ನು ನಡೆಸಿದ್ದರೆ ತಮ್ಮನ ಸಾಲ ಇದ್ದೇ ಇರುತ್ತಿತ್ತು; ಅವ್ವ ಮಾತ್ರ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿರಲಿಲ್ಲ. ಮಗನು ಕಾಗದ ಹಿಡಿದು "ಅವ್ವಾ, ಇಲ್ಲೊಂದು ಸಹಿ ಮಾಡು" ಎಂದಾಗ "ಏನದು, ಓದಿ ಹೇಳು" ಎಂದು ಕೇಳುವುದರಲ್ಲಿ ಅಪನಂಬಿಕೆಯೇನೂ ಇಲ್ಲ. ಓದಿ ಹೇಳುವ ಮಗನೇ ಅವಳ ನಂಬಿಗೆಯನ್ನು ಉಳಿಸಿದವನು.