ದಾರಿ ಯಾರನ್ನು ಕೇಳೋಣ?

ಊರು ಬಿಟ್ಟು ಮುಂಬೈಗೋ ಪುಣೆಗೋ ಬಂದ ಹೊಸತರಲ್ಲಿ ಕಾಡಿದ ಪ್ರಶ್ನೆ ನೆನಪಿದೆಯೇ? "ಈ ಕೆಲಸ ಹಿಡಿಯಲೋ, ಬಿಡಲೋ?" ಕೇಳಲು ಸೋದರಮಾವನ ಸ್ನೇಹಿತರೊಬ್ಬರು ಇದ್ದವರು ಪುಣ್ಯವಂತರು. ಇಲ್ಲದವರಿಗೆಂದೇ ಮಾರ್ಗದರ್ಶಿಗಳನ್ನು ಹುಡುಕಿಕೊಡುವ ವೆಬ್‌ಸೈಟ್, ಆ್ಯಪ್‌ಗಳು ಹುಟ್ಟಿವೆ.

1997ರಲ್ಲೇ ಹುಟ್ಟಿದ ಅಮೆರಿಕದ ಮೆಂಟರ್‌ನೆಟ್ ಎಂಜಿನಿಯರಿಂಗ್ ಓದುವ ಹೆಣ್ಣುಮಕ್ಕಳಿಗೆ ಇಮೇಲ್ ಮೂಲಕ ಅನುಭವಿಗಳನ್ನು ಜೋಡಿಸಿತು. ಕೋವಿಡ್ ಕಾಲದ 2020ರಲ್ಲಿ ಸಿಂಗಪುರದಲ್ಲಿ ಶುರುವಾದ ಎಡಿಪಿಲಿಸ್ಟ್ ಮೊದಲಿಗೆ ಡಿಸೈನರ್‌ಗಳದೊಂದು ಪಟ್ಟಿಯಷ್ಟೇ ಆಗಿತ್ತು.

ಪಟ್ಟಿ ಮಾಡುವುದು ಸುಲಭ. ಕಷ್ಟವಿರುವುದು ಸರಿಯಾದ ಜೋಡಿ ಕೂಡಿಸುವುದರಲ್ಲಿ. "ನಿಮ್ಮ ಗುರಿ ಏನು?" ಎಂದರೆ ಹೊಸಬರು ತಡವರಿಸುತ್ತಾರೆ. "ಈಗ ಯಾವ ನಿರ್ಧಾರ ಮಾಡಬೇಕಿದೆ?" ಎಂದು ಕೇಳಿದರೆ ಬಾಯಿ ಬಿಡುತ್ತಾರೆ. ಕ್ಷೇತ್ರದ ಜೊತೆ ಮಾತಾಡುವ ಭಾಷೆಯನ್ನೂ ಆರಿಸಿಕೊಳ್ಳುವಂತಿರಬೇಕು. ಅಳುಕು ಕನ್ನಡದಲ್ಲಿ ಬೇಗ ಕರಗುತ್ತದೆ. ಹಿರಿಯರು ವಾರಕ್ಕೆ ತಮಗಾಗುವ ಅರ್ಧ ಗಂಟೆಯನ್ನಷ್ಟೇ ತೆರೆದಿಡಲಿ, ಇಲ್ಲವಾದರೆ ಮನವಿಗಳ ರಾಶಿ ಕಂಡು ಸುಮ್ಮನಾಗುತ್ತಾರೆ. ಇಬ್ಬರೂ ಒಪ್ಪದೆ ಫೋನ್ ನಂಬರ್ ಕಾಣಬಾರದು. ದೂರು ಕೊಡುವ ಗುಂಡಿ ಕಣ್ಣೆದುರೇ ಇರಬೇಕು.

ಇಷ್ಟಾದರೂ ಆ್ಯಪ್ ಪರಿಚಯ ಮಾಡಿಸೀತು, ಮಾತು ನಾವೇ ಆಡಬೇಕು. ಈ ಊರಿನಲ್ಲಿ ಹತ್ತು ವರ್ಷ ಕಳೆದಿದ್ದೀರಾ? ಹೊಸದಾಗಿ ಬಂದವರೊಬ್ಬರಿಗೆ ಅರ್ಧ ಗಂಟೆ ಕೊಡಿ. ಮತ್ತೆ ಸಿಗೋಣ.